ಹನ್ನೊಂದಿಂಚಿನ ಮಾವ

ಮಾವನಿಗೆ ಚಿಕ್ಕದು ಅಂದರೆ ಯಾವತ್ತೂ ಆಗಿಬರುತ್ತಿರಲಿಲ್ಲ, ತಮ್ಮ ಸೊಂಟದ ಅಳತೆಯೊಂದನ್ನು ಬಿಟ್ಟು. ಪ್ಯಾಂಟು ಹೊಲಿಸುವಾಗ ಮಾತ್ರ ಹೊಟ್ಟೆಯನ್ನು ಒಳಗೆಳೆದುಕೊಂಡು, "ಮದುವೆ ದಿನದಿಂದ ಮೂವತ್ತನಾಲ್ಕೇ" ಎಂದು ಠೀವಿಯಿಂದ ನಿಲ್ಲುತ್ತಿದ್ದರು. ದರ್ಜಿಯಾಗಿದ್ದ ಅಳಿಯ ಹೂಂಗುಟ್ಟಿ, ಮೂವತ್ತೆಂಟಕ್ಕೆ ಕತ್ತರಿ ಹಾಕಿ, ಒಳಪಟ್ಟಿಯ ಮೇಲೆ ಮೂವತ್ತನಾಲ್ಕು ಎಂದು ಬರೆದು ಕೊಡುತ್ತಿದ್ದ. ಮನೆಯ ನೆಮ್ಮದಿ ಬಹುಮಟ್ಟಿಗೆ ಆ ಪಟ್ಟಿಯ ಮೇಲೆ ನಿಂತಿತ್ತು.

ಈಗ ಮಾವನ ಹಳೇ ಪಿಕಪ್ಪಿನ ಕ್ಲಚ್ ಕೈಕೊಟ್ಟಿತ್ತು. ಮಾವ ಹತ್ತಿಯ ಹಾಸಿಗೆ ಮಾಡುವವರು; ಮಾಡಿದ್ದನ್ನು ಮನೆಮನೆಗೆ ತಾವೇ ಮುಟ್ಟಿಸುವವರು. ಅವರ ಎಡಮಂಡಿ ಬಹಳ ದಿನಗಳಿಂದ ಮುಷ್ಕರ ಹೂಡಿತ್ತು. "ಕ್ಲಚ್ ತುಳಿಯೋಕಾಗದ ದಿನ ಗಾಡಿ ಮಾರಿಬಿಡ್ತೀನಿ" ಎಂದು ಮಗಳಿಗೆ ಮಾತು ಬೇರೆ ಕೊಟ್ಟಿದ್ದರು. ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ, ಅಳಿಯನ ದಿಗಿಲೇ ಅದು. ಗಾಡಿಯಿಲ್ಲದ ಮಾವ ದಿನವಿಡೀ ಹೊಲಿಗೆ ಮಿಷಿನ್ನಿನ ಪಕ್ಕ ಕೂತು ಸಲಹೆ ಕೊಡುವುದನ್ನು ನೆನೆದರೆ ಅವನ ಕೈಯ ಕತ್ತರಿ ಅಡ್ಡಾದಿಡ್ಡಿ ಓಡುತ್ತಿತ್ತು. ಜೊತೆಗೆ, ಸ್ಟೀರಿಂಗ್ ಹಿಡಿದಾಗ ಮಾವನ ಮುಖಕ್ಕೆ ಬರುವ ಕಳೆ ಅವನಿಗೆ ನಿಜಕ್ಕೂ ಇಷ್ಟ. ಅದು ಹೋಗಬಾರದು ಎಂಬುದು ಅವನ ಆಸೆ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಸವೆದ ದುಂಡನೆಯ ಕ್ಲಚ್ ಪ್ಲೇಟನ್ನು ಬಿಚ್ಚಿ ನೆಲಕ್ಕೆ ಹಾಕಿದ್ದ. ಅಳಿಯ ಕೊರಳಿನ ಟೇಪು ತೆಗೆದು, ರೂಢಿಯಂತೆ ಅದರ ಸುತ್ತ ಹಿಡಿದು, "ಮೂವತ್ತೊಂದೂವರೆ" ಎಂದ.

"ಸೊಂಟ ಅಲ್ಲ ಸ್ವಾಮಿ ಅದು, ಅಡ್ಡಕ್ಕೆ ಹಿಡೀರಿ" ಎಂದ ಮೆಕ್ಯಾನಿಕ್.

ಅಡ್ಡಕ್ಕೆ ಹತ್ತು ಇಂಚು ಬಂತು.

"ಹತ್ತು ಹಾಕಿದ್ದಕ್ಕೇ ಸವೆದಿದ್ದು" ಎಂದರು ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ ಮಾವ. "ಹನ್ನೊಂದು ತನ್ನಿ. ನನ್ನ ಲೋಡು ನೋಡಿದ್ದೀರಲ್ಲ, ಬೆಟ್ಟದಷ್ಟಿರುತ್ತೆ."

"ಎತ್ತರ ಬೆಟ್ಟದಷ್ಟು, ಸರಿ ಮಾವ. ಆದ್ರೆ ಒಳಗಿರೋದು ಹತ್ತಿ."

"ಸೂಜಿದಾರದವರಿಗೆ ಗಾಡಿ ಉಸಾಬರಿ ಯಾಕೆ ಅಳಿಯಂದ್ರೆ? ತನ್ನಿ ಅಂದ್ರೆ ತನ್ನಿ."

ಮೆಕ್ಯಾನಿಕ್ ಅಳಿಯನನ್ನು ಬಾಗಿಲವರೆಗೆ ಕರೆದೊಯ್ದು ದನಿ ತಗ್ಗಿಸಿದ. "ಈ ಗಾಡಿಗೆ ಎರಡೂ ಕೂರುತ್ತೆ, ಎರಡಕ್ಕೂ ಬೋಲ್ಟಿನ ತೂತು ಇದೆ. ಹತ್ತೇ ಸಾಕು ಇವರಿಗೆ. ಹನ್ನೊಂದರ ಸ್ಪ್ರಿಂಗು ಬಲು ಬಿಗಿ, ಪೆಡಲ್ ತುಳಿಯೋದೇ ಕಷ್ಟ. ಆ ಮಂಡಿ ಇಟ್ಕೊಂಡು ಈ ರಸ್ತೆ ತುದಿಯನ್ನೂ ಮುಟ್ಟಲ್ಲ ಅವರು."

ಬಿಡಿಭಾಗಗಳ ಅಂಗಡಿಯಲ್ಲಿ ಅಳಿಯ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ನಿಂತ. ಮಾವನ ಮಂಡಿಗೆ ಹತ್ತು ಬೇಕು, ಮಾವನಿಗೆ ಹನ್ನೊಂದು ಬೇಕು. ಆಮೇಲೆ ಅವನಿಗೆ ತನ್ನ ಕಸುಬು ನೆನಪಾಯಿತು.

"ಹತ್ತಿಂಚಿಂದು ಕೊಡಿ. ಡಬ್ಬಿ ಮಾತ್ರ ಹನ್ನೊಂದರದಿರಲಿ."

ಅಂಗಡಿಯವನು ಕಾರಣ ಕೇಳಲಿಲ್ಲ. ಅವನಿಗೂ ಒಬ್ಬ ಮಾವ ಇದ್ದಿರಬೇಕು.

ಮಾವ ಡಬ್ಬಿಯ ಮೇಲಿನ ಅಂಕಿಯನ್ನು ಕನ್ನಡಕ ಏರಿಸಿ ಓದಿ ತಲೆದೂಗಿದರು. ಮೆಕ್ಯಾನಿಕ್ ಡಬ್ಬಿ ಬಿಚ್ಚಿ ಒಳಗೆ ನೋಡಿದ, ಅಳಿಯನನ್ನು ನೋಡಿದ, ತುಟಿ ಕಚ್ಚಿಕೊಂಡು ಗಾಡಿಯಡಿ ನುಸುಳಿದ.

ಸಂಜೆ ಮಾವ ಗಾಡಿ ಹತ್ತಿ ಎಡಗಾಲಿಟ್ಟರು. ಪೆಡಲ್ ಮೆತ್ತಗೆ ಕೆಳಗಿಳಿಯಿತು. ಮಾವ ಒಂದು ಸುತ್ತು ಹೊಡೆದು ಬಂದು ನಿಲ್ಲಿಸಿದರು, ಮುಖದಲ್ಲಿ ಅದೇ ಕಳೆ.

"ನೋಡಿ, ಇದು ಹನ್ನೊಂದರ ಗತ್ತು. ತುಳಿದ್ರೆ ಬೆಣ್ಣೆ."

"ಹೌದು ಮಾವ" ಎಂದ ಅಳಿಯ, ನೆಲ ನೋಡುತ್ತ.

ಮಾವ ಕಿಟಕಿಯಾಚೆ ಮೊಣಕೈ ಊರಿದರು. "ಮುಂದಿನ ಪ್ಯಾಂಟಿಗೆ ಇನ್ನೊಂದಿಂಚು ಸಡಿಲ ಬಿಡಿ. ಇತ್ತೀಚೆಗೆ ಕೂತ್ರೆ ಹಿಡಿಯುತ್ತೆ."

"ಪಟ್ಟಿ ಮೇಲೆ ಎಷ್ಟು ಅಂತ ಬರೀಲಿ?"

"ಮೂವತ್ತನಾಲ್ಕೇ ಬರೀರಿ" ಎಂದರು ಮಾವ ಗೇರು ಹಾಕುತ್ತ. "ಈ ಕ್ಲಚ್ಚು ಹನ್ನೊಂದು ಇದೆಯಲ್ಲ, ಹಾಗೆ."