ಇಬ್ಬರ ಸಹಿ

ನಮ್ಮಲ್ಲಿ ಫ್ಲ್ಯಾಟ್ ಕೊಂಡವರು ನಿಜವಾಗಿ ಕೊಳ್ಳುವುದು ವರ್ಷಗಳನ್ನು. ನೆಲ ಯಾರೋ ಮುಖ ತೋರಿಸದ ಧಣಿಯದು. ಅವನು ಕೊಟ್ಟ ಗುತ್ತಿಗೆಯ ವರ್ಷಗಳು ನಾವು ಮಲಗಿದ್ದಾಗಲೂ ಕರಗುತ್ತಿರುತ್ತವೆ. ಎಂಬತ್ತಕ್ಕಿಂತ ಕೆಳಗಿಳಿದವೋ, ಗುತ್ತಿಗೆ ಮುಂದುವರಿಸಲು ಧಣಿ ಕೇಳುವ ಬೆಲೆ ಮುಗಿಲು ಮುಟ್ಟುತ್ತದೆ. ಅದಕ್ಕೇ ಬೆಕ್ಸ್‌ಹಿಲ್‌ನ ಈ ಕಟ್ಟಡದಲ್ಲಿ ಬುದ್ಧಿ ಇದ್ದವರೆಲ್ಲ ಎಂದೋ ಆ ಕೆಲಸ ಮುಗಿಸಿಕೊಂಡೆವು. ಮೇಲಿನ ಮಹಡಿಯ ರೊವೀನಾ ಮಾತ್ರ ಕೈಕಟ್ಟಿ ಕೂತಿದ್ದಳು.

"ಇನ್ನೊಂದು ತಿಂಗಳಿಗೆ ಎಂಬತ್ತರ ಕೆಳಗೆ ಹೋಗತ್ತೆ ಕಣೇ," ಎಂದು ಗದರಿದೆ. "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ತೀಯಾ?"

"ಹಾಕೋಣ ಬಿಡು ಐವಿ. ಕ್ಲೈವ್ ಬರ್ಬೇಕಲ್ಲ. ಅವನ ಹೆಸರೂ ಇದೆ."

ಅದೇ ನೋಡಿ ನನ್ನ ಹೊಟ್ಟೆ ಉರಿಸುವುದು. ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಜೊತೆಯಾಗಿ ಆ ಫ್ಲ್ಯಾಟ್ ಕೊಂಡವರು. ಒಂಬತ್ತು ವರ್ಷದ ಕೆಳಗೆ ಕ್ಲೈವ್ ಇನ್ನೊಬ್ಬಳನ್ನು ಕಟ್ಟಿಕೊಂಡು ವಿಟ್ಬಿ ಎಂಬ ಊರಿಗೆ ಹೋದ. ಹೆಸರು ಮಾತ್ರ ಇಲ್ಲೇ ಉಳಿಯಿತು. ತೆಗೆಸಿಹಾಕು ಎಂದು ನಾನು ತಲೆ ಚಚ್ಚಿಕೊಂಡರೆ, "ಹೆಸರೇನು ಅನ್ನ ಕೇಳತ್ತಾ?" ಎಂದು ನಗುತ್ತಿದ್ದಳು. ಒಮ್ಮೆ ಮಾತ್ರ ನಗದೆ, "ಅವನಿಗೂ ನನಗೂ ಮಧ್ಯೆ ಉಳಿದಿರೋದು ಅದೊಂದೇ ಕಣೇ. ಅದನ್ನೂ ಕಿತ್ಕೋಬೇಡ," ಎಂದಳು.

ಗುತ್ತಿಗೆ ಮುಂದುವರಿಸಿ ಎಂದು ಧಣಿಗೆ ಕೊಡುವ ನೋಟಿಸಿಗೆ ಇಬ್ಬರ ಸಹಿಯೂ ಬೇಕು, ಅಂಚೆಯಲ್ಲಿ ತರಿಸಿಕೊಂಡರೆ ಸಾಕು ಎಂದಿದ್ದರು ವಕೀಲರು. ಇವಳು ಕ್ಲೈವ್‌ಗೆ ಫೋನ್ ಮಾಡಿ, "ಇಬ್ರೂ ಒಂದೇ ಕಡೆ ಕೂತು ಹಾಕ್ಬೇಕಂತೆ," ಎಂದುಬಿಟ್ಟಳು. ನಾನು ಪಕ್ಕದಲ್ಲೇ ಇದ್ದೆ. ನನ್ನತ್ತ ತಿರುಗದೆ, ಕಿವಿಯವರೆಗೂ ಕೆಂಪಾದಳು.

ಶನಿವಾರ ಬಂದ. ಬೆಳಗಿನಿಂದ ಮೆಟ್ಟಿಲ ತುಂಬ ಮಾಂಸ, ಕಾಳುಮೆಣಸು ತುಂಬಿದ ಪಾಯ್ ಒಲೆಯಲ್ಲಿ ಬೇಯುವ ವಾಸನೆ. ಅವಳು ಕಿಟಕಿ ಒರೆಸಿದ್ದಳು, ಕೂದಲಿಗೆ ಬಣ್ಣ ಹಾಕಿಸಿದ್ದಳು. ಕ್ಲೈವ್ ಮಂಡಿ ಹಿಡಿದುಕೊಂಡು ಹತ್ತಿಹೋದ, ಮುದುಕನಾಗಿದ್ದ. ಸ್ವಲ್ಪ ಹೊತ್ತಿಗೆ ನನ್ನ ಸೂರಿನ ಮೇಲೆ ಇಬ್ಬರ ಓಡಾಟ, ಇಬ್ಬರ ನಗು. ಇಷ್ಟು ವರ್ಷ ಅವನನ್ನು ಶಪಿಸಿದ ನನಗೂ, ದೇವರೇ, ಇವನು ಉಳಿದುಬಿಡಲಿ ಅನ್ನಿಸಿತು.

ಮಧ್ಯಾಹ್ನ ಅವನೇ ಬಂದು ಬಾಗಿಲು ತಟ್ಟಿದ. "ಐವಿ, ಒಂದ್ನಿಮಿಷ ಮೇಲೆ ಬರ್ತೀರಾ? ಸಾಕ್ಷಿ ಬೇಕಿತ್ತು."

ನೋಟಿಸಿಗೆ ಸಾಕ್ಷಿ ಬೇಕಿಲ್ಲ. ನನ್ನದನ್ನು ನಾನೇ ಮಾಡಿಸಿದ್ದೆ, ನನಗೆ ಗೊತ್ತು. ಆದರೂ ಹೋದೆ.

ನೋಟಿಸಿಗೆ ಸಹಿ ಆಗಿತ್ತು. ಅವನದರ ಪಕ್ಕದಲ್ಲೇ ಇವಳದು. "ಇನ್ನೂ ತೊಂಬತ್ತು ವರ್ಷ ಸೇರತ್ತೆ, ಐವಿ!" ರೊವೀನಾಳ ಕೆನ್ನೆ ಹೊಳೆಯುತ್ತಿತ್ತು. "ಕಾನೂನಿನ ಪ್ರಕಾರ ನೆಲಬಾಡಿಗೆ ಇನ್ನು ಹೆಸರಿಗಷ್ಟೇ, ವರ್ಷಕ್ಕೆ ಒಂದೇ ಒಂದು ಮೆಣಸಿನ ಕಾಳಂತೆ!"

"ಅದೂ ಧಣಿ ಕೇಳಿದ್ರೆ," ಎಂದ ಕ್ಲೈವ್. "ಕೇಳಿದ್ರೆ ಇವಳ ಪಾಯ್‌ನಿಂದ ಹೆಕ್ಕಿ ಕೊಡೋದು."

ಅಷ್ಟೇನೂ ನಗು ಬರುವ ಮಾತಲ್ಲ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಗ ಅವನು ಕೋಟಿನ ಒಳಜೇಬಿನಿಂದ ಇನ್ನೊಂದು ಪತ್ರ ತೆಗೆದು ಮೇಜಿನ ಮೇಲೆ ಬಿಡಿಸಿದ.

"ನನ್ನ ಪಾಲು ನಿನ್ನ ಹೆಸರಿಗೇ ಬರೆದಿದೀನಿ, ರೊವೀ. ನೋಟಿಸಿನ ಹಕ್ಕೂ ಜೊತೆಗೇ ಬರತ್ತೆ, ವಕೀಲರನ್ನ ಕೇಳಿದೀನಿ. ಒಂದು ಕಾಸೂ ಬೇಡ. ನಾಳೆ ನನಗೇನಾದ್ರೂ ಆದ್ರೆ ನೀನು ಸಹಿಗಾಗಿ ಯಾರ ಬಾಗಿಲಿಗೋ ಅಲೀಬೇಕಾಗತ್ತೆ. ಇನ್ಮೇಲೆ ಯಾವುದಕ್ಕೂ ನೀನು ನನಗೆ ಕಾಯೋ ಹಾಗಿಲ್ಲ."

"ನಾನು ಕೇಳಿದ್ನಾ?"

"ನೀನು ಕೇಳೋಳಲ್ಲ. ಅದಕ್ಕೇ ನಾನೇ ಮಾಡಿಸಿದೆ."

ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಬಾಯಿ ತುಂಬ ಬೈಯೋಣವೆಂದರೆ ಒಂದು ತಪ್ಪೂ ಸಿಗಲಿಲ್ಲ. ಅವನ ಸಹಿ ನಾನು ನೋಡಬೇಕು, ಆಮೇಲೆ ನನ್ನ ಹೆಸರು, ವಿಳಾಸ ಬರೆಯಬೇಕು, ಸಾಕ್ಷಿಯ ಕೆಲಸ ಇಷ್ಟೇ. ಅವನು ಸಹಿ ಮಾಡಿದ. ರೊವೀನಾ ಅವನ ಕೈಯನ್ನೇ ನೋಡುತ್ತಿದ್ದಳು. ಬೆರಳುಗಳನ್ನು, ಗಿಣ್ಣುಗಳನ್ನು, ಮಣಿಕಟ್ಟಿನ ಬಿಳಿಗೂದಲನ್ನು, ಮತ್ತೆ ನೋಡಲು ಸಿಗುವುದಿಲ್ಲವೆಂಬಂತೆ ನೋಡುತ್ತಿದ್ದಳು.

ಕ್ಲೈವ್ ಪೆನ್ನನ್ನು ನನ್ನತ್ತ ಚಾಚಿದ. ನನ್ನ ಹೆಸರು ಬೀಳದಿದ್ದರೆ ಆ ಪತ್ರ ಬರೀ ರದ್ದಿ. ಪೆನ್ನು ಹಿಡಿದು ಕೂತೆ. ಇವತ್ತು ಆಗದಿದ್ದರೆ ಇವನು ಇನ್ನೊಮ್ಮೆ ಬರಲೇಬೇಕಲ್ಲ.

"ಅಯ್ಯೋ, ಕನ್ನಡಕ ಕೆಳಗೇ ಬಿಟ್ಟು ಬಂದೆ," ಎಂದೆ. "ಅದಿಲ್ದೆ ಒಂದಕ್ಷರ ಕಾಣಲ್ಲ. ಇನ್ನೊಂದಿನ ಇಟ್ಕೊಳ್ಳೋಣ."

ರೊವೀನಾ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು.

"ಮೂಗಿನ ಮೇಲೇ ಇದೆಯಲ್ಲೇ, ಐವಿ," ಎಂದಳು ಮೆಲ್ಲಗೆ. "ಸಹಿ ಹಾಕು. ಅವನ ರೈಲಿಗೆ ಹೊತ್ತಾಗತ್ತೆ."

ಹಾಕಿದೆ.