ತೊರ್ನೆಲ್ಲೊ ಸೋಡಾಕ್ಕೆ ಕೈ ಹಾಕಿದ ಭಾನುವಾರ

ಎವರಿಸ್ತೊ ಫುನೆಸ್‌ನ ಮೂಗು ಸತ್ತು ಎರಡು ತಿಂಗಳಾಗಿತ್ತು. ಸತ್ತಿತ್ತು ಎಂದೇ ಹೇಳಬೇಕು. ನೆಗಡಿ, ಕಟ್ಟಿದ ಮೂಗು ಎಂದು ಸುತ್ತಿ ಬಳಸಿ ಹೇಳಿದರೆ ಅದೇನು ಎದ್ದು ಬರುವುದಿಲ್ಲ. ದ್ರಾಕ್ಷಿ ಕೊಯ್ಲು ಮುಗಿದ ವಾರ ಒಂದು ಜ್ವರ ಬಂತು, ಹೋಯಿತು. ಹೋಗುವಾಗ ಮನೆಯ ವಾಸನೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು. ಕಾಫಿ ಬಿಸಿನೀರಾಯಿತು. ಒಲೆಯ ಮೇಲೆ ಈರುಳ್ಳಿ ಕರಕಲಾದದ್ದು ಹೊಗೆ ಕಣ್ಣಿಗೆ ತಾಗಿದ ಮೇಲೆ ಗೊತ್ತಾಯಿತು.

ಬೇರೆಯವರಾಗಿದ್ದರೆ ಅತ್ತುಕೊಂಡು ಊರಿಗೆಲ್ಲ ಹೇಳುತ್ತಿದ್ದರು. ಇವನು ಹೆಂಡತಿ ನೆಲಿದಾಗೂ ಹೇಳಲಿಲ್ಲ. ಹೇಗೆ ಹೇಳುತ್ತಾನೆ? ಮೆಂದೋಸಾದ ಒಂದು ವೈನು ಕಾರ್ಖಾನೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ಪೀಪಾಯಿ ಮೂಸಿ ಸಂಸಾರ ಸಾಕಿದವನು. ಕೆಲಸ ಬಿಟ್ಟ ಮೇಲೆ ಅವನಿಗೆ ಉಳಿದಿದ್ದ ಅಧಿಕಾರ ಒಂದೇ. ತಿಂಗಳಿಗೊಂದು ಭಾನುವಾರ ಬೈಗೊರ್ರಿಯಾನ ಹಿತ್ತಲಲ್ಲಿ ಗೆಳೆಯರು ಕೆಂಡದ ಮೇಲೆ ಮಾಂಸ ಸುಡಲು ಸೇರಿದಾಗ, ವೈನು ಆರಿಸಿ ತರುವವನು ಅವನು. ಆ ಜಾಗ ಹೋದರೆ ಆ ಮೇಜಿನಲ್ಲಿ ತಾನು ಬರೀ ಒಂದು ಹೊಟ್ಟೆ ಎಂದು ಅವನ ಲೆಕ್ಕ.

ಅವನ ಶೆಡ್ಡಿನಲ್ಲಿ ಸೀಸೆಗಳು ಮೂರು ಸಾಲಾಗಿ ಮಲಗಿದ್ದವು. ತೋಟಗಳಿಂದ ದೊಡ್ಡ ಗಾಜಿನ ಬುರುಡೆಗಳಲ್ಲಿ ವೈನು ತಂದು, ಮನೆಯಲ್ಲೇ ಸೀಸೆಗೆ ಇಳಿಸಿ ಬಿರಡೆ ಜಡಿಯುವುದು ಅವನ ಪದ್ಧತಿ. ಒಂದರ ಮೇಲೂ ಚೀಟಿಯಿಲ್ಲ, ಗುರುತಿಲ್ಲ. ಮೂಗಿರುವವನಿಗೆ ಚೀಟಿ ಯಾಕೆ? ಅಂಗಡಿಯ ಸೀಸೆ ತಂದವರನ್ನು ಅವನು ಆಡಿಕೊಳ್ಳುತ್ತಿದ್ದ ಮಾತು ಎಲ್ಲರಿಗೂ ಬಾಯಿಪಾಠ: "ಚೀಟಿ ನೋಡಿ ವೈನು ತರೋದು, ಫೋಟೋ ನೋಡಿ ಮದುವೆ ಆದಂಗೆ."

ಈಗ ಆ ಮಾತೇ ಅವನ ಕುತ್ತಿಗೆಗೆ ಬಂದಿತ್ತು. ಸಾಲಿಗೊಂದರಂತೆ ಮೂರು ಸೀಸೆ ಬಿಚ್ಚಿ ಗುಟುಕು ಗುಟುಕಾಗಿ ರುಚಿ ನೋಡಿದ. ನಾಲಗೆ ಹೇಳಿದ್ದು ಇಷ್ಟು: ಹುಳಿ, ಒಗರು, ಬಿಸಿ. ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ. ಬಾಗಿಲ ಬೆಳಕಿಗೆ ಲೋಟ ಹಿಡಿದು ಬಣ್ಣ ನೋಡಿದ. ಒಂದರ ಅಂಚು ಕಂದುಗಟ್ಟಿದ ಹಾಗಿತ್ತು, ಒಂದರದು ನೇರಳೆ, ಇನ್ನೊಂದು ನಡುವೆ.

ನೆಲಿದಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಏ ಮುದುಕಾ, ಮೂಲೆ ಅಂಗಡೀಲಿ ಒಂದು ಬಾಟ್ಲಿ ತಗೊಂಡ್ ಹೋದ್ರೆ ಏನ್ ಗಂಟು ಹೋಗತ್ತೆ?"

"ಚೀಟಿ ಅಂಟ್ಸಿದ್ದಾ? ಬೈಗೊರ್ರಿಯಾ ಮನೆಗಾ? ಅದಕ್ಕಿಂತ ಚಡ್ಡಿ ಬಿಚ್ಕೊಂಡ್ ಹೋಗ್ತೀನಿ."

"ಅದೂ ಒಳ್ಳೇದೇ. ಯಾರೂ ವೈನಿನ ಕಡೆ ನೋಡಲ್ಲ."

ಅವನು ನೇರಳೆ ಅಂಚಿನ ಸಾಲಿನಿಂದ ಎರಡು ಸೀಸೆ ಎತ್ತಿ ಚೀಲಕ್ಕೆ ಹಾಕಿದ. ನೇರಳೆ ಎಂದರೆ ಎಳೆಯದು, ಎಳೆಯದು ಎಂದರೆ ಕೆಟ್ಟಿರಲಿಕ್ಕಿಲ್ಲ ಎಂದು ಲೆಕ್ಕ ಹಾಕಿದ್ದ. ಲೆಕ್ಕ ಹಾಕಿ ವೈನು ಆರಿಸಿದ್ದು ಜೀವಮಾನದಲ್ಲಿ ಇದೇ ಎರಡನೇ ಸಲ. ಮೊದಲನೆಯದು ಹೋದ ತಿಂಗಳು, ಅದು ಗೆದ್ದಿತ್ತು. ಸೀಸೆಗಳು ಕ್ಷಣದಲ್ಲಿ ಖಾಲಿಯಾಗಿದ್ದವು. ಅದನ್ನೇ ನೆನೆದು ಧೈರ್ಯ ತಂದುಕೊಂಡ.

ಬೈಗೊರ್ರಿಯಾನ ಹಿತ್ತಲಲ್ಲಿ ಚಳಿ ಕಚ್ಚುತ್ತಿತ್ತು. ಉದ್ದ ಮರಗಳ ಎಲೆಯೆಲ್ಲ ಹಳದಿಯಾಗಿ ಕಾಲುವೆಗೆ ಬಿದ್ದಿತ್ತು. ಬೈಗೊರ್ರಿಯಾ ಕೆಂಡದ ಮುಂದೆ ಪಕ್ಕೆಲುಬು ತಿರುವುತ್ತಿದ್ದ. ಗುಂಡಗಿನ ಮನುಷ್ಯ, ಬಾಯಿ ದೊಡ್ಡದು. ಮೇಜಿನ ಹತ್ತಿರ ಟೈರ್ ಅಂಗಡಿಯ ತೊರ್ನೆಲ್ಲೊ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಕೂತಿದ್ದ. ಅವನೂ ಎವರಿಸ್ತೊನೂ ಒಂದೇ ಬೀದಿಯಲ್ಲಿ ಬೆಳೆದವರು. ನೆಲಿದಾ ಹೋಗಿ ತೊರ್ನೆಲ್ಲೊನ ಎದುರಿಗೆ ಕೂತಳು.

"ಬಂದ್ರಪ್ಪಾ ಮೂಗಿನ ದೊರೆ!" ಎಂದ ಬೈಗೊರ್ರಿಯಾ. "ಬಾರಯ್ಯ, ಗಂಟಲು ಒಣಗಿ ಹಪ್ಪಳ ಆಗಿದೆ."

ಮೊದಲ ಲೋಟ ಸುಡುವವನಿಗೆ, ಅದು ಕ್ರಮ. ಎವರಿಸ್ತೊ ಸುರಿದು ಕೊಟ್ಟ. ಹಿಂದೆಲ್ಲ ಬೈಗೊರ್ರಿಯಾ ಲೋಟಕ್ಕೆ ಮೂಗು ತುರುಕಿ, ಇದಕ್ಕಿಂತ ಹೋದ ಸಲದ್ದೇ ವಾಸಿ ಎಂದು ಜಗಳ ತೆಗೆಯುತ್ತಿದ್ದ. ಇವತ್ತು ಲೋಟವನ್ನು ತುಟಿಗೆ ಮುಟ್ಟಿಸಿದ ಶಾಸ್ತ್ರ ಮಾಡಿ, ಬೆನ್ನು ತಿರುಗಿಸಿ, "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಮಾಂಸಕ್ಕೆ ಉಪ್ಪು ಎರಚಿದ.

ಎವರಿಸ್ತೊ ತೊರ್ನೆಲ್ಲೊನ ಲೋಟ ತುಂಬಿಸಿದ. ತೊರ್ನೆಲ್ಲೊ ಅದನ್ನು ಮುಟ್ಟಲೂ ಇಲ್ಲ. ಅವನ ಕೈ ಸೀದಾ ಸೋಡಾ ಸೀಸೆಗೆ ಹೋಯಿತು.

ಮಿಕ್ಕವರು ಸೋಡಾ ಬೆರೆಸಲಿ, ಮಂಜುಗಡ್ಡೆ ಹಾಕಲಿ, ಅದು ಅವರವರ ಇಷ್ಟ. ಆದರೆ ತೊರ್ನೆಲ್ಲೊ? ಇಟಲಿಯಿಂದ ಬಂದ ಅಜ್ಜನ ಮೊಮ್ಮಗ, ವೈನಿಗೆ ಸೋಡಾ ಹಾಕುವುದೆಂದರೆ ಹೆತ್ತ ತಾಯಿಗೆ ಮೀಸೆ ಬರೆದ ಹಾಗೆ ಎಂದು ಕಂಡಕಂಡವರ ಜೊತೆ ಕಿತ್ತಾಡಿದವನು. ಹೋದ ತಿಂಗಳೂ ಅವನು ಸೋಡಾ ಹಾಕಿಕೊಂಡಿದ್ದ, ಸೆಕೆ ಎಂದಿದ್ದ. ಅವತ್ತು ಎಲ್ಲರೂ ಹಾಕಿಕೊಂಡಿದ್ದರು. ನೆಲಿದಾ ಕೂಡ.

ಎವರಿಸ್ತೊ ಅವನ ಲೋಟದ ಬಾಯಿಗೆ ಅಂಗೈ ಮುಚ್ಚಿದ.

"ಯಾಕೋ ಸೋಡಾ?"

"ಸೆಕೆ ಕಣೋ."

"ಕಿವಿಗೆ ಟೋಪಿ ಎಳ್ಕೊಂಡ್ ಕೂತಿದೀಯ."

"ಒಳಗಡೆ ಸೆಕೆ."

"ತೊರ್ನೆಲ್ಲೊ, ಬೊಗಳು. ಹೋದ ಸಲ ನಾನು ತಂದಿದ್ದು ಏನು?"

ತೊರ್ನೆಲ್ಲೊ ನೆಲಿದಾಳ ಮುಖ ನೋಡಿದ. ಅವಳು ಬ್ರೆಡ್ಡು ಮುರಿಯುತ್ತ, "ಹೇಳು, ಇನ್ನೆಷ್ಟು ದಿನ?" ಎಂದಳು.

"ವಿನಿಗರ್ ತಂದಿದ್ದೆ ನೀನು, ಮಾರಾಯ. ಪೂರ್ತಿ ಆಗಿರಲಿಲ್ಲ, ದಾರೀಲಿತ್ತು. ಬುರುಡೆ ತಳದ್ದು ಅಂತ ಕಾಣತ್ತೆ, ಗಾಳಿ ಆಡಿತ್ತು."

"ಮತ್ತೆ ಅಷ್ಟೂ ಕುಡಿದ್ರಲ್ಲೋ!"

"ಬಿಟ್ಟು ಎದ್ರೆ ನಿನ್ ಮುಖಕ್ಕೆ ಉಗುಳಿದಂಗೆ ಅಲ್ವಾ? ಬೇಗ ಮುಗಿಸಿದ್ರೆ ಬೇಗ ಸಾಯ್ತೀವಿ ಅಂತ ಗಟಗಟ ಇಳಿಸಿದ್ವಿ. ಇವನು ಮೂರು ದಿನ ಎದೆ ಹಿಡ್ಕೊಂಡ್ ಓಡಾಡ್ದ."

"ನಾಲ್ಕು," ಎಂದ ಬೈಗೊರ್ರಿಯಾ ಈ ಕಡೆ ತಿರುಗದೆ.

ಗೆದ್ದೆ ಎಂದುಕೊಂಡ ಆ ಖಾಲಿ ಸೀಸೆಗಳು ಎವರಿಸ್ತೊನ ಕಣ್ಣ ಮುಂದೆ ಬಂದವು. ಅವನು ಕೂತ. "ವಾಸ್ನೆ ಬರಲ್ಲ," ಎಂದ. "ಏನೂ ಬರಲ್ಲ. ಈ ಮಾಂಸದ್ದೂ ಬರ್ತಿಲ್ಲ. ಇವತ್ತಿಂದು ಬಣ್ಣ ನೋಡಿ ತಂದೆ. ಇನ್ಮೇಲೆ ಬೇರೆ ಯಾರಾದ್ರೂ ತನ್ನಿ."

ತೊರ್ನೆಲ್ಲೊ ಸೋಡಾ ಸೀಸೆಯನ್ನು ಕೆಳಗಿಟ್ಟ. ಗಲ್ಲಿಗೆ ಹೊರಟವನ ಮುಖ ಮಾಡಿಕೊಂಡು ಲೋಟ ಎತ್ತಿ, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದ. ಕಣ್ಣು ತೆರೆದ. ಮತ್ತೊಂದು ಗುಟುಕು.

"ಚೆನ್ನಾಗಿದೆ ಕಣೋ."

"ಸುಳ್ಳು ಹೇಳ್ಬೇಡ. ಕರುಣೆ ಬೇಡ ನಂಗೆ."

"ಕರುಣೆಯಾ? ನಿಂಗಾ?" ತೊರ್ನೆಲ್ಲೊ ಲೋಟ ಬರಿದು ಮಾಡಿ, ಸೀಸೆ ಎಳೆದುಕೊಂಡು, ಮಿಕ್ಕವರಿಗೆ ಸುರಿಯುವ ಮರ್ಯಾದೆಯನ್ನೂ ಮರೆತು ತನ್ನ ಲೋಟವನ್ನು ಅಂಚಿನವರೆಗೆ ತುಂಬಿಕೊಂಡ. ಎರಡನೇ ಸೀಸೆಯನ್ನು ಮೆಲ್ಲಗೆ ತನ್ನ ಕಾಲ ಹತ್ತಿರ ಇಟ್ಟುಕೊಂಡ.

"ಏ ಕಳ್ಳಾ, ಇಲ್ ಕೊಡೋ!" ಬೈಗೊರ್ರಿಯಾ ಚಿಮುಟ ಹಿಡಿದುಕೊಂಡೇ ಓಡಿಬಂದ.

ಆ ಜಗಳ ಕಂಡಮೇಲೆ ಎವರಿಸ್ತೊ ನಂಬಿದ. ಮಾತಿನಲ್ಲಿ ಕರುಣೆ ಬೆರೆಸಬಹುದು, ದುರಾಸೆಯಲ್ಲಿ ಬೆರೆಸಲು ತೊರ್ನೆಲ್ಲೊಗೆ ಬರುತ್ತಿರಲಿಲ್ಲ.

ಮುಂದಿನ ತಿಂಗಳ ಕೂಟದ ದಿನ, ಬೆಳಿಗ್ಗೆಯೇ, ತೊರ್ನೆಲ್ಲೊ ಶೆಡ್ಡಿಗೆ ಬಂದ. "ಮೂಸೋದು ನಾನು, ಆರಿಸೋದು ನೀನು," ಎಂದ. ಎವರಿಸ್ತೊ ಮೊದಲ ಸಾಲಿನದನ್ನು ಸುರಿದ.

"ಏನ್ ಬರ್ತಿದೆ?"

"ವೈನಿನ ವಾಸ್ನೆ."

"ಅದು ನಂಗೂ ಗೊತ್ತು, ಕತ್ತೆ. ಬೇರೆ ಏನು?"

"ಹೊಸ ಟೈರು. ಬಿಸಿಲಲ್ಲಿ ಇಟ್ಟಿದ್ದು."

"ಗಾಳಿಗಿಟ್ರೆ ಹೋಗತ್ತೆ. ಮುಂದಿಂದು."

"ನಮ್ಮತ್ತೆ ಉಗುರಿಗೆ ಬಳ್ಕೋತಿದ್ಲಲ್ಲ, ಆ ಬಣ್ಣ."

"ಅವತ್ತು ನೀವು ಗಟಗಟ ಇಳಿಸಿದ್ರಲ್ಲ, ಆ ವಿನಿಗರ್‌ನ ತಮ್ಮ. ಸೊಪ್ಪಿಗೆ ಹಾಕೋಕೆ ಎತ್ತಿಡು."

ಮೂರನೆಯದಕ್ಕೆ ಮೂಗು ಇಳಿಸಿದ ತೊರ್ನೆಲ್ಲೊ ಅದನ್ನು ಎತ್ತದೆ ಮತ್ತೊಮ್ಮೆ ಉಸಿರೆಳೆದುಕೊಂಡ.

"ಇದು... ನಮ್ಮಜ್ಜಿ ಮನೆ ಅಟ್ಟ ಕಣೋ. ಅಂಜೂರ ಒಣಗಿಸ್ತಿದ್ಲಲ್ಲ, ಆ ಕೋಣೆ. ಮಧ್ಯಾಹ್ನ, ಕಿಟಕಿ ಹಾಕಿದೆ."

ಆ ಕೋಣೆಯಲ್ಲಿ ಇಬ್ಬರೂ ಅಂಜೂರ ಕದ್ದು ಏಟು ತಿಂದವರು. ಎವರಿಸ್ತೊ ಆ ಸೀಸೆಗೆ ಬಿರಡೆ ಒತ್ತಿ, ಅದೇ ಸಾಲಿನಿಂದ ಇನ್ನೆರಡು ತೆಗೆದು ಚೀಲಕ್ಕೆ ಹಾಕಿದ. ಆಮೇಲೆ ಲೋಟವನ್ನು ಮತ್ತೆ ಗೆಳೆಯನ ಕಡೆ ತಳ್ಳಿದ.

"ಇನ್ನೂ ಹೇಳು."

"ಇನ್ನೇನ್ ಹೇಳೋದು? ಆರಿಸಿದ್ದಾಯ್ತಲ್ಲ!"

"ಆರಿಸಿದ್ದಾಯ್ತು. ನೀನು ಹೇಳು."