ಸೈರನ್ ಕೂಗದ ಸಂಜೆ

ಇಂಗ್ಲೆಂಡಿನ ಕಡಲತೀರದ ಥಾರ್ನ್‌ಬೆಕ್ ಊರಿನ ನಾಯಿಗಳು ಈಸ್ಟರ್ ಕಳೆದ ಮೇಲೆ ವಿಚಿತ್ರವಾಗಿ ಆಡತೊಡಗಿದ್ದವು. ಕಡಲು ಉಬ್ಬರಕ್ಕೆ ತಿರುಗುವ ಹೊತ್ತಾಯಿತೆಂದರೆ ಮನೆಮನೆಯ ನಾಯಿಯೂ ಎದ್ದು ನಿಂತು, ಕಿವಿ ನಿಮಿರಿಸಿ ನೀರಿನ ಕಡೆ ನೋಡುತ್ತಿತ್ತು. ಬೊಗಳುತ್ತಿರಲಿಲ್ಲ. ಬರಬೇಕಾದದ್ದೇನೋ ಬರಲಿಲ್ಲ ಎನ್ನುವಂತೆ ಸ್ವಲ್ಪ ಹೊತ್ತು ನಿಂತಿದ್ದು ಮತ್ತೆ ಮುದುಡಿ ಮಲಗುತ್ತಿತ್ತು.

ಬರಬೇಕಾಗಿದ್ದದ್ದು ಸೈರನ್. ಆ ಊರಿನೆದುರು ಕಣ್ಣು ಹಾಯುವಷ್ಟು ದೂರವೂ ಮರಳೇ. ನೀರು ಇಳಿದಾಗ ಅದರ ಮೇಲೆ ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗಿ ಸಿಗಡಿ ಹಿಡಿದು ತರುವವರಿದ್ದಾರೆ. ಆದರೆ ನೀರು ಹಿಂದಿರುಗುವಾಗ ಕುದುರೆಗಿಂತ ಜೋರಾಗಿ ಬರುತ್ತದೆ. ಅದಕ್ಕಾಗಿ ಪುರಸಭೆ ದಡದ ಕಂಬದಿಂದ ಸೈರನ್ ಕೂಗಿಸುತ್ತಿತ್ತು. ಈಚೆಗೆ ದಡದಲ್ಲಿ ಎದ್ದ ಹೊಸ ಫ್ಲ್ಯಾಟುಗಳವರು ನಿದ್ದೆ ಕೆಡುತ್ತದೆಂದು ದೂರು ಕೊಟ್ಟರು. ‘ಸ್ವಲ್ಪ ಕಾಲ ನಿಲ್ಲಿಸಿ ನೋಡೋಣ’ ಎಂದು ಪುರಸಭೆ ಸೈರನ್ನನ್ನು ಕಂಬದಿಂದಲೇ ಇಳಿಸಿಬಿಟ್ಟಿತು. ಅದು ಮತ್ತೆ ಮೇಲೇರುವುದೋ ಇಲ್ಲವೋ ಎಂಬುದು ಮೇ ತಿಂಗಳ ಚುನಾವಣೆಯ ಕೈಯಲ್ಲಿತ್ತು.

ಮತದಾನದ ದಿನ ಬೆಳಿಗ್ಗೆ ನೋರೀನ್ ಅಡುಗೆಮನೆಯ ಮೇಜಿನ ಮುಂದೆ ಕೂತು ಸಿಗಡಿ ಸುಲಿಯುತ್ತಿದ್ದಳು. ಗಂಡ ಡೆಸ್ ಕಡಲಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದ. ಪಕ್ಕದ ಮನೆಯ ಗ್ಲೆಂಡಾ, ಎದೆಗೆ ಪಕ್ಷದ ಬಣ್ಣದ ರಿಬ್ಬನ್ ಹೂ ಸಿಕ್ಕಿಸಿಕೊಂಡು, ಹಿತ್ತಿಲ ಬಾಗಿಲಿನಿಂದ ತಲೆ ಹಾಕಿದಳು.

“ಓಟು ಹಾಕಕ್ಕೆ ಯಾವಾಗ ಬರ್ತೀರ ಇಬ್ರೂ?”

“ಓಟು ಹಾಕಿದ್ರೆ ಸಿಗಡಿ ತಾನಾಗೇ ಬಲೆಗೆ ಬೀಳತ್ತಾ ಗ್ಲೆಂಡಾ?” ಎಂದ ಡೆಸ್.

“ಅದು ಬೀಳಲ್ಲ. ನೀನು ನೀರಿಗೆ ಬೀಳದಂಗೆ ನೋಡ್ಕೋಬಹುದು.”

“ಹೋಗ್ಲಿ ಬಿಡು ಮಾರಾಯ್ತಿ. ಯಾರು ಗೆದ್ರೂ ನಮ್ಮ ಬೀದಿ ಗುಂಡಿ ಮುಚ್ಚಲ್ಲ. ನಂದೊಂದು ಓಟಿಂದ ಏನು ಕಡಿದು ಕಟ್ಟೆ ಹಾಕ್ದಂಗಾಗತ್ತೆ?”

ಗ್ಲೆಂಡಾ ಒಳಗೆ ಬಂದು ಕುರ್ಚಿ ಎಳೆದುಕೊಂಡಳು. “ಕಳೆದ ಸಲ ಏನಾಯ್ತು ಗೊತ್ತಾ? ನಮ್ಮ ವಾರ್ಡಲ್ಲಿ ಇಬ್ಬರಿಗೂ ಸಮಸಮ ಓಟು ಬಂತು. ಮತ್ತೆ ಎಣಿಸಿದ್ರು, ಮತ್ತೂ ಸಮ. ಕೊನೆಗೆ ಚುನಾವಣಾಧಿಕಾರಿ ಮುಷ್ಟೀಲಿ ಎರಡು ಕಡ್ಡಿ ಹಿಡ್ಕೊಂಡು ನಿಂತ. ಉದ್ದದ ಕಡ್ಡಿ ಎಳೆದೋನು ಗೆದ್ದ. ಸೈರನ್ ಇಳಿಸಿ ಅಂತ ಕೈ ಎತ್ತಿದೋನು ಅವನೇ.”

“ಕಡ್ಡಿನಾ?” ಡೆಸ್ ಗಹಗಹಿಸಿ ನಕ್ಕ. “ಒಳ್ಳೇದೇ ಆಯ್ತು. ಕಡ್ಡಿಗೆ ಸುಳ್ಳು ಹೇಳಕ್ಕೆ ಬರಲ್ಲ.” ಬಲೆ ಹೆಗಲಿಗೇರಿಸಿ, ಟ್ರ್ಯಾಕ್ಟರ್ ಹತ್ತಿ ಹೊರಟೇಹೋದ.

ನೋರೀನ್ ನಗಲಿಲ್ಲ. ಅವಳ ಬೆರಳು ಸಿಗಡಿಯ ಮೇಲೆ ನಿಂತುಬಿಟ್ಟಿತ್ತು. “ಅವನೇ ಬರದಿದ್ರೆ ನಾನೊಬ್ಬಳು ಹಾಕಿ ಏನು ಮಾಡ್ಲಿ?” ಎಂದಳು, ತನಗೇ ಹೇಳಿಕೊಳ್ಳುವಂತೆ.

“ಅವನು ಊಟ ಬಿಟ್ರೆ ನೀನೂ ಉಪವಾಸ ಮಲಗ್ತೀಯೇನೇ? ಫೋಟೋ ಇರೋ ಗುರುತಿನ ಚೀಟಿ ತಗೊಂಡು ಬಾ. ಮತಗಟ್ಟೆ ರಾತ್ರಿ ಹತ್ತರವರೆಗೂ ತೆರೆದಿರತ್ತೆ.”

ಮಧ್ಯಾಹ್ನ ಇಳಿಯುತ್ತಲೇ ಕಡಲಿನಿಂದ ಮಂಜು ಬಂತು. ಮೊದಲು ಮರಳು ಕಾಣದಾಯಿತು, ಆಮೇಲೆ ದಡದ ಗೋಡೆ, ಆಮೇಲೆ ಎದುರುಮನೆ. ಬರಿದಾದ ಕಂಬದ ತುದಿ ಮಾತ್ರ ಕೈ ಕಳೆದುಕೊಂಡವರಂತೆ ಮಸುಕಾಗಿ ನಿಂತಿತ್ತು. ಡೆಸ್ ಬರುವ ಹೊತ್ತು ಮೀರಿತು. ಅವನ ಫೋನು ಮನೆಯ ಮೇಜಿನ ಮೇಲೆಯೇ ಇತ್ತು. ನೋರೀನ್ ಕೋಟು ಹಾಕಿಕೊಂಡು ಮತಗಟ್ಟೆಗೆ ನಡೆದಳು; ಮತ ಹಾಕಲಿಕ್ಕಲ್ಲ, ಅವನನ್ನು ಯಾರಾದರೂ ನೋಡಿದ್ದಾರಾ ಎಂದು ಕೇಳಲಿಕ್ಕೆ.

ಚರ್ಚಿನ ಹಿಂದಿನ ಸಭಾಂಗಣವೇ ಮತಗಟ್ಟೆ. ಕೆಲಸ ಮುಗಿಸಿ ಬಂದವರು ಸಾಲಾಗಿ ನಿಂತು ಹರಟುತ್ತಿದ್ದರು. ನೋರೀನ್ ಬಾಗಿಲು ದಾಟಿದಳು. ಕಡಲು ಉಬ್ಬರಕ್ಕೆ ತಿರುಗುವ ಹೊತ್ತಾಗಿತ್ತು; ಮಾತೆಲ್ಲ ಒಮ್ಮೆಗೇ ನಿಂತುಹೋಯಿತು.

ಎಲ್ಲರ ತಲೆಯೂ ಕಡಲಿನ ಕಡೆಯ ಕಿಟಕಿಗೆ ತಿರುಗಿತು. ಮತಪತ್ರ ಕೊಡುತ್ತಿದ್ದ ಹೆಂಗಸಿನ ಕೈ ಗಾಳಿಯಲ್ಲೇ ಉಳಿಯಿತು. ಯಾರದೋ ಕಾಲ ಬಳಿ ಮಲಗಿದ್ದ ನಾಯಿ ಎದ್ದು ನಿಂತಿತು. ಒಂದು ಸೈರನ್ ಕೂಗಿ ಮುಗಿಯುವಷ್ಟು ಹೊತ್ತು ಅಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಆಮೇಲೆ ಒಬ್ಬರು ಕೆಮ್ಮಿದರು, ಇನ್ನೊಬ್ಬರು ಬೂಟು ನೋಡಿಕೊಂಡರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಡೆಸ್ ಇನ್ನೂ ಬಂದಿಲ್ಲ,” ಎಂದಳು ನೋರೀನ್. ಆ ಮೌನದಲ್ಲಿ ಅವಳ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಪಕ್ಷದ ಪರವಾಗಿ ಬಾಗಿಲ ಬಳಿ ಕೂತಿದ್ದ ಗ್ಲೆಂಡಾ ಧಡಕ್ಕನೆ ಎದ್ದಳು. ಕರಾವಳಿ ರಕ್ಷಣೆಯವರಿಗೆ ಫೋನು ಹಚ್ಚುತ್ತಲೇ ಕೂಗಿದಳು: “ಕಾರು ತಂದಿರೋರು ಯಾರ್ಯಾರು? ದಡದ ಮೇಲೆ ನಿಲ್ಲಿಸಿ ಹಾರ್ನ್ ಒತ್ತಿ! ಯಾರ ಪಕ್ಷ ಯಾವುದು ಅಂತ ಆಮೇಲೆ ಜಗಳ ಆಡೋಣ!”

ಜನ ಓಡಿದರು. ಗೋಡೆಯುದ್ದಕ್ಕೂ ಕಾರುಗಳು ನಿಂತು ಮಂಜಿನೊಳಕ್ಕೆ ಕೂಗತೊಡಗಿದವು. ನಿಲ್ಲಿಸಿ ಕಿವಿಗೊಡುವುದು, ಮತ್ತೆ ಕೂಗುವುದು. ಮಂಜಿನಾಚೆ ನೀರು ಬರುತ್ತಿರುವ ಸದ್ದು, ದೊಡ್ಡ ಬಟ್ಟೆಯನ್ನು ಯಾರೋ ನೆಲದ ಮೇಲೆ ಎಳೆದಂತೆ. ನೋರೀನ್ ಗೋಡೆಯ ಕಲ್ಲು ಹಿಡಿದು ನಿಂತಳು. ಬೆಳಿಗ್ಗೆ ಅವನಿಗೆ ‘ಹುಷಾರು’ ಎಂದು ಸಹ ಹೇಳಿರಲಿಲ್ಲ.

ಕೊನೆಗೆ ಮಂಜಿನಲ್ಲೊಂದು ನೆರಳು ಗಟ್ಟಿಯಾಯಿತು. ಎದೆಮಟ್ಟ ಒದ್ದೆಯಾಗಿದ್ದ ಡೆಸ್ ಮೆಟ್ಟಿಲು ಹತ್ತಿ ಬಂದ. ಟ್ರ್ಯಾಕ್ಟರ್ ಇರಲಿಲ್ಲ. ಹೆಂಡತಿಯನ್ನು ಗುರುತಿಸದವನಂತೆ ದಾಟಿ ಹೋಗುತ್ತಿದ್ದವನನ್ನು ನೋರೀನ್ ತೋಳು ಹಿಡಿದು ನಿಲ್ಲಿಸಿದಳು.

“ಸೈರನ್ ಕೂಗ್ತಲ್ಲ,” ಎಂದ.

“ಸೈರನ್ ಎಲ್ಲಿದೆ ಡೆಸ್? ಅದು ಕಾರು.”

“ಕಾರಲ್ಲ. ಅದಕ್ಕೂ ಮುಂಚೆ. ನಮ್ಮ ಸೈರನ್ನೇ.” ಅವನು ತಿರುಗಿ ಕಡಲಿನ ಕಡೆ ಬೆರಳು ತೋರಿಸಿದ. “ಆ ಕಡೆಯಿಂದ ಕೂಗ್ತು. ಟ್ರ್ಯಾಕ್ಟರ್ ಮರಳಲ್ಲಿ ಹೂತುಹೋಗಿತ್ತು. ದಡ ಅಲ್ಲೇ ಇದೆ ಅಂದ್ಕೊಂಡು ನಡೆದೆ. ಎದೆಮಟ್ಟ ನೀರು ಬಂತು, ಆದ್ರೂ ಕರೀತಾನೇ ಇತ್ತು. ಹಿಂದಿಂದ ಈ ಹಾರ್ನ್ ಕೇಳದಿದ್ರೆ...”

ಸುತ್ತ ನಿಂತವರು ಯಾರೂ ನಗಲಿಲ್ಲ. ಗ್ಲೆಂಡಾ ಮಾತ್ರ ಮೆಲ್ಲಗೆ ಹೇಳಿದಳು: “ಹುಟ್ಟಿದಾಗಿಂದ ಕೇಳಿರೋ ಕಿವಿ. ಕೂಗೋದು ನಿಲ್ಸಿದ್ರೆ ಸುಮ್ನೆ ಇರತ್ತಾ?”

ರಕ್ಷಣೆಯವರು ಬಂದು ಅವನ ನಾಡಿ, ಎದೆ ನೋಡಿ, ಬೆಚ್ಚಗಿರಲು ಹೇಳಿ ಹೋದರು. ಮನೆಯಲ್ಲಿ ಡೆಸ್ ಕಂಬಳಿ ಹೊದ್ದು, ಎರಡೂ ಕೈಯಲ್ಲಿ ಚಹಾದ ಬಟ್ಟಲು ಹಿಡಿದು ಕೂತ. ಬಟ್ಟಲು ಕೆಳಗಿಟ್ಟು ಕೇಳಿದ: “ಮತಗಟ್ಟೆ ಮುಚ್ಚಿರತ್ತಾ?”

“ಇನ್ನೂ ಹೊತ್ತಿದೆ.”

“ನನ್ನ ಡ್ರೈವಿಂಗ್ ಲೈಸೆನ್ಸ್ ಟ್ರ್ಯಾಕ್ಟರಲ್ಲಿತ್ತು. ಸಮುದ್ರದ ಪಾಲು. ಪಾಸ್‌ಪೋರ್ಟ್ ಅವಧಿ ಮುಗಿದುಹೋಗಿದೆ.”

“ಅವಧಿ ಮುಗಿದಿದ್ರೂ ನಡಿಯತ್ತಂತೆ, ಗ್ಲೆಂಡಾ ಹೇಳಿದ್ಲು. ಫೋಟೋ ನಿನ್ನ ಥರ ಕಂಡ್ರೆ ಸಾಕು.”

“ಅದರಲ್ಲಿ ಕೂದಲಿದೆ ಕಣೇ ನಂಗೆ.”

“ಮೂಗು ಅದೇ ಇದೆ, ಯಾರಿಗೂ ಅನುಮಾನ ಬರಲ್ಲ. ಏಳು.”

ಸಭಾಂಗಣದಲ್ಲಿ ಈಗ ಜನ ಕಡಿಮೆ. ಗುರುತು ನೋಡಿದ ಹೆಂಗಸು ಡೆಸ್‌ನ ಮುಖವನ್ನೂ ಫೋಟೋವನ್ನೂ ನೋಡಿ ತಲೆಯಾಡಿಸಿ ಮತಪತ್ರ ಕೊಟ್ಟಳು. ಗಂಡ ಹೆಂಡತಿ ಮತ ಹಾಕುವ ಅಕ್ಕಪಕ್ಕದ ಹಲಗೆಯ ಮರೆಗಳಲ್ಲಿ ನಿಂತರು. ನೋರೀನ್ ದಾರಕ್ಕೆ ಕಟ್ಟಿದ ಪೆನ್ಸಿಲ್ ಎತ್ತಿಕೊಂಡಳು. ಹಲಗೆಯ ಆಚೆ ಡೆಸ್‌ನ ಪೆನ್ಸಿಲ್ ಸದ್ದೇ ಇಲ್ಲ.

“ನೋರೀನ್,” ಎಂದು ಪಿಸುಗುಟ್ಟಿದ. “ಈಗಲೂ ಕೇಳಿಸ್ತಿದೆ. ನಿಂಗೆ?”

ಅವಳು ಕಿವಿಗೊಟ್ಟಳು. ಹೊರಗೆ ಬರೀ ನೀರು.

“ಇಲ್ಲ,” ಎಂದಳು. “ಅದಕ್ಕೇ ಬಂದಿರೋದು. ಗುರುತು ಹಾಕು.”

ಓದುಗರೇ, ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರಿಗೆ, ಭಾರತದ ಪಾಸ್‌ಪೋರ್ಟ್ ಇದ್ದರೂ, ಪುರಸಭೆಗೆ ಮತ ಹಾಕುವ ಹಕ್ಕಿದೆ. ಬಹಳ ಮನೆಗಳಲ್ಲಿ ಅದು ಗೊತ್ತೇ ಇಲ್ಲ. ಚುನಾವಣೆಗೆ ಕೆಲವು ವಾರ ಮೊದಲೇ ಹೆಸರು ನೋಂದಾಯಿಸಿ. ಹೋಗುವಾಗ ಪಾಸ್‌ಪೋರ್ಟನ್ನೋ ಅಲ್ಲಿ ಒಪ್ಪುವ ಬೇರೆ ಫೋಟೋ ಗುರುತಿನ ಚೀಟಿಯನ್ನೋ ಮರೆಯದೆ ಒಯ್ಯಿರಿ. ಯಾವುದೂ ಇಲ್ಲದಿದ್ದರೆ ಮುಂಚೆಯೇ ಅರ್ಜಿ ಹಾಕಿ ಉಚಿತವಾಗಿ ಪಡೆಯಬಹುದು. ಭಾರತದಲ್ಲಿ, ನಮ್ಮೂರಲ್ಲೇ ಕೂತು ಇದನ್ನು ಓದುತ್ತಿರುವವರೇ, ನಿಮ್ಮ ಪಂಚಾಯಿತಿಗೂ ವಾರ್ಡಿಗೂ ಇದೇ ಮಾತು. ದಣಿದು ಮನೆಗೆ ಬಂದ ಸಂಜೆ ಮತ್ತೆ ಚಪ್ಪಲಿ ಮೆಟ್ಟುವುದು ಕಷ್ಟವೇ. ಆದರೂ ಮೆಟ್ಟಿ. ಮಕ್ಕಳನ್ನೂ ಕೈಹಿಡಿದು ಕರೆದುಕೊಂಡು ಹೋಗಿ. ನೀವು ಮನೆಯಲ್ಲಿ ಕೂತರೆ ನಿಮ್ಮ ಪರವಾಗಿ ಮಾತಾಡಲು ಏನೋ ಒಂದು ಬಂದೇ ಬರುತ್ತದೆ. ಅದು ಯಾವ ಕಡೆಗೆ ಕರೆಯುತ್ತದೋ ಹೇಳಬಲ್ಲವರಿಲ್ಲ.